ತೆಂಕಿನ ಅಡೂರಿನ ಪರಮೇಶ್ವರಿ

ಕುಂಜತ್ತೂರಿನ ಗಣೇಶಪ್ರಸಾದ ಮನೆಯಂಗಳದಲ್ಲಿ ನಿಂತು ಪಡುವಣಕ್ಕೆ ಕಿವಿ ಕೊಟ್ಟರೆ, ಸಮುದ್ರದ ಆಚೆ ದುಬೈಯಲ್ಲಿ ಯಾರೋ ಚಾ ಕಲಕುವ ಶಬ್ದ ಅವನಿಗೆ ಕೇಳುತ್ತಿತ್ತು. ಕೇಳುವುದೇನು, ಆ ಚಾಕ್ಕೆ ಸಕ್ಕರೆ ಒಂದು ಚಮಚವೋ ಎರಡೋ ಎಂದೂ ಹೇಳುತ್ತಿದ್ದ. ನಂಬದವರು ದುಬೈಗೆ ಹೋಗಿ ವಿಚಾರಿಸಬಹುದು. ಬಸ್ಸಿನ ಹಾರ್ನು ಕೇಳಿದರೆ ಸಾಕು, ಇವತ್ತು ಡ್ರೈವರನಿಗೂ ಹೆಂಡತಿಗೂ ಮಾತುಂಟೋ ಇಲ್ಲವೋ ಎಂದು ತಿಳಿದುಬಿಡುತ್ತಿತ್ತು. ಒಮ್ಮೆ ಮಂಜೇಶ್ವರದ ಒಂದು ಮದುವೆಯಲ್ಲಿ, ಸಾವಿರ ಜನ ಊಟಕ್ಕೆ ಕುಳಿತಿರುವಾಗ, ಹಪ್ಪಳ ಮುರಿದ ಸದ್ದಿನಿಂದಲೇ ಕದ್ದು ಎರಡನೇ ಸಲವೂ ಪಂಕ್ತಿಗೆ ಕುಳಿತವನನ್ನು ಹಿಡಿದುಕೊಟ್ಟಿದ್ದನಂತೆ.

ಇಂಥ ಕಿವಿಯನ್ನು ಇಟ್ಟುಕೊಂಡು ಅವನು ಮಾಡುತ್ತಿದ್ದದ್ದು ಮೈಕ್ ಸೆಟ್ಟಿನ ಕೆಲಸ. ಹೆದ್ದಾರಿಯ ಸರ್ವಿಸ್ ರಸ್ತೆಗೆ ಮುಖ ಮಾಡಿ ‘ಗಣೇಶ್ ಸೌಂಡ್ಸ್’. ಮದುವೆ, ಉರೂಸು, ಪಂಚಾಯತ್ ಚುನಾವಣೆ, ಮಾತು ಯಾರದ್ದಿದ್ದರೂ ಶಬ್ದ ಅವನದ್ದು. ಅಂಗಡಿಯ ಬೆನ್ನಿಗೇ ಮನೆ. ಮನೆಯಲ್ಲಿ ಅಪ್ಪ ಶಿವಸುಬ್ರಹ್ಮಣ್ಯ, ವಿಲ್ಲೇಜ್ ಆಫೀಸಿನಿಂದ ನಿವೃತ್ತರಾದವರು, ಊರಿನ ಭಜನಾ ಮಂದಿರದ ನವರಾತ್ರಿ ಸಂಗೀತಕ್ಕೆ ಖಾಯಂ ಅಧ್ಯಕ್ಷರು. ಅಮ್ಮ ಪರಮೇಶ್ವರಿ, ಮೊಣಕಾಲು ನೋವಿನವರು. ಹೆಂಡತಿ ಗೌತಮಿ. ಮಗಳು ಶ್ರೀವಾಣಿ, ಪ್ಲಸ್ ವನ್ ಕಲಿಯುತ್ತಿದ್ದವಳು, ಹೇಳುವುದನ್ನು ಮುಖಕ್ಕೇ ಹೇಳುವವಳು.

ಅಪ್ಪ ಹಾಡಿದವರಲ್ಲ, ಕೇಳಿದವರು. ಆದರೆ ಎಂಥ ಕೇಳುವಿಕೆ! ಕಛೇರಿಯ ಮುಂದಿನ ಸಾಲಿನಲ್ಲಿ ಕುಳಿತು ಅವರು ತಲೆಯಾಡಿಸದಿದ್ದರೆ ಪಿಟೀಲಿನ ತಂತಿ ತನ್ನಷ್ಟಕ್ಕೇ ಸಡಿಲವಾಗುತ್ತಿತ್ತು. ಮೃದಂಗದವನಿಗೆ ಜ್ವರ ಬರುತ್ತಿತ್ತು. ಅವರು ಒಮ್ಮೆ ‘ಭೇಷ್’ ಎಂದರೆ ಆ ಹಾಡುವವರಿಗೆ ಕಾಸರಗೋಡಿನಿಂದ ಕೊಲ್ಲೂರಿನವರೆಗೆ ಕಾರ್ಯಕ್ರಮ ತಪ್ಪುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಸೇಮಿಗೆ, ಬಾಳೆಹಣ್ಣಿನ ರಸಾಯನ. ಎಲ್ಲರೂ ತಿನ್ನುತ್ತಿದ್ದರು, ಗೌತಮಿ ಬಡಿಸುತ್ತಿದ್ದಳು. ಗಣೇಶಪ್ರಸಾದ ಫೋನನ್ನು ಸ್ಪೀಕರಿಗೆ ಜೋಡಿಸಿ ಒಂದು ಹಾಡು ಬಿಟ್ಟ. ಮುಖಾರಿ ರಾಗದಲ್ಲಿ ಒಂದು ದೇವರನಾಮ. ಹೆಂಗಸಿನ ಸ್ವರ, ಹಿಂದೆ ಶ್ರುತಿಪೆಟ್ಟಿಗೆ ಮಾತ್ರ.

ಅಪ್ಪನ ಕೈ ಬಾಯಿಗೂ ಬಟ್ಟಲಿಗೂ ನಡುವೆ ನಿಂತಿತು. ಹಾಡು ಮುಗಿದಾಗ ಅವರು ಬಿಟ್ಟ ಉಸಿರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ಹಾರಿಹೋದವು.

“ಯಾರಿದು?”

“ಅಡೂರು ಪರಮೇಶ್ವರಿ,” ಎಂದ ಗಣೇಶಪ್ರಸಾದ.

“ಎಂತ?” ಎಂದರು ಅಮ್ಮ, ತನ್ನನ್ನು ಕರೆದದ್ದೆಂದು.

“ನಿಮ್ಮನ್ನಲ್ಲ ಅಮ್ಮ. ಹಾಡಿದವರ ಹೆಸರು.”

“ಅಡೂರು ಅಂದರೆ ಅಮ್ಮನ ಊರಲ್ವಾ?” ಎಂದಳು ಶ್ರೀವಾಣಿ, ಗೌತಮಿಯ ಕಡೆ ನೋಡಿ.

“ಛೆ ಛೆ,” ಅಪ್ಪ ಕೈ ಬೀಸಿದರು. “ನಮ್ಮ ಅಡೂರಿನಲ್ಲಿ ಎಂತ ಉಂಟು? ದೇವಸ್ಥಾನ ಉಂಟು, ಹೊಳೆ ಉಂಟು, ಅದರಿಂದ ಆಚೆ ಕರ್ನಾಟಕ. ಇದು ತೆಂಕಿನ ಅಡೂರು. ಪತ್ತನಂತಿಟ್ಟ ಜಿಲ್ಲೆ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ, ಹಾಡಿದರೆ ಗೊತ್ತಾಗ್ತದೆ. ಆ ಎತ್ತುಗಡೆ ಕೇಳಿದೆಯಾ? ಪಲ್ಲವಿ ಎತ್ತಿದ ಒಂದು ಸಾಲಿನಲ್ಲೇ ಗುರುಪರಂಪರೆ ಕಾಣ್ತದೆ.”

“ತೆಂಕಿನವರೇ ಅಪ್ಪ,” ಎಂದು ಗಣೇಶಪ್ರಸಾದ ಕುರ್ಚಿ ಮುಂದಕ್ಕೆ ಎಳೆದುಕೊಂಡ. “ತಿರುವನಂತಪುರದಲ್ಲಿ ಗುರುಕುಲವಾಸ. ಮೂಗಿನ ಎರಡೂ ಬದಿ ವಜ್ರ. ಕಛೇರಿಗೆ ಹೋದರೆ ಜೀರಿಗೆ ನೀರು ಅವರದ್ದೇ ಫ್ಲಾಸ್ಕಿನಲ್ಲಿ, ಬೇರೆ ನೀರು ಮುಟ್ಟುವುದಿಲ್ಲ.”

ರಸಾಯನದ ಪಾತ್ರೆ ಹಿಡಿದು ನಿಂತಿದ್ದ ಗೌತಮಿ ಕೇಳಿದಳು, “ನಿಮಗೆ ಇವರ ಗುರುತುಂಟಾ?”

“ಗುರುತಿಲ್ಲದೆ? ಪಯ್ಯನ್ನೂರಿನಲ್ಲಿ ಒಮ್ಮೆ ನಾನೇ ಮೈಕ್ ಇಟ್ಟದ್ದು. ‘ಗಣೇಶ, ನಿನ್ನ ಮೈಕಿನಲ್ಲಿ ನನ್ನ ಸ್ವರ ನನಗೇ ಹೊಸದು’ ಅಂತ ಹೇಳಿ ಹೋಗಿದ್ದಾರೆ.”

ಗೌತಮಿ ಪಾತ್ರೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಇಲ್ಲಿ ಗುಟ್ಟು ಒಡೆಯದೆ ಉಪಾಯವಿಲ್ಲ. ಆ ಹಾಡು ಗೌತಮಿಯದ್ದೇ. ಹದಿನೆಂಟು ವರ್ಷದ ಹಿಂದೆ ನಮ್ಮ ಈ ಅಡೂರಿನಿಂದ ಮದುವೆಯಾಗಿ ಬಂದಾಗ ಅವಳ ಹೆಸರು ಪರಮೇಶ್ವರಿ, ಅವಳ ಅಜ್ಜಿಯ ಹೆಸರು. ಅತ್ತೆಯ ಹೆಸರೂ ಅದೇ. ಗಂಡ ಹೆಂಡತಿಯನ್ನು ಕರೆದರೆ ಅಮ್ಮನನ್ನು ಹೆಸರು ಹಿಡಿದು ಕರೆದ ಹಾಗೆ; ಮಾವ ಸೊಸೆಯನ್ನು ಕರೆದರೆ ಇನ್ನೂ ಫಜೀತಿ. ಧಾರೆಯ ದಿನವೇ ಅಪ್ಪ ‘ಗೌತಮಿ’ ಎಂದು ಹೊಸ ಹೆಸರಿಟ್ಟರು. ರೇಷನ್ ಕಾರ್ಡಿಗೂ ಅದೇ ಆಯಿತು, ಆಧಾರಿಗೂ ಅದೇ. ಮದುವೆಯವರೆಗೂ ಸಂಗೀತ ಕಲಿತಿದ್ದವಳು ಆ ವರ್ಷದ ನವರಾತ್ರಿಗೆ ದೇವರ ಕೋಣೆಯಲ್ಲಿ ಒಂದು ಹಾಡಿದಳು. ಅಪ್ಪ ಕೇಳಿ, “ಸ್ವರ ಉಂಟು. ಅಡಿಗೆಮನೆಗೆ ಧಾರಾಳ ಸಾಕು,” ಎಂದರು. ಮತ್ತೆ ಅವಳು ಆ ಮನೆಯಲ್ಲಿ ಬಾಯಿ ತೆರೆದದ್ದು ಊಟಕ್ಕೆ ಕರೆಯಲಿಕ್ಕೆ. ಈ ವರ್ಷ ಅಜ್ಜಿಯ ವರ್ಷಾಂತಕ್ಕೆ ತವರಿಗೆ ಹೋದಾಗ ಅಲ್ಲಿ ಹಾಡಿದ್ದನ್ನು ತಮ್ಮ ಅವಿನಾಶ ಫೋನಿನಲ್ಲಿ ಹಿಡಿದು, ಅವಳ ಹಳೆಯ ಹೆಸರಿನಲ್ಲೇ ವಾಟ್ಸಾಪಿಗೆ ಬಿಟ್ಟಿದ್ದ.

ಗಣೇಶಪ್ರಸಾದ ಹೆಂಡತಿಯ ಸ್ವರವನ್ನು ಮೊದಲ ಅಕ್ಷರಕ್ಕೇ ಹಿಡಿದನಂತೆ. ಹಿಡಿದ ಮೇಲೆ ಅವನ ತಲೆಯಲ್ಲಿ ಒಂದು ತುಂಟತನ ಹುಟ್ಟಿತಂತೆ: ಅಪ್ಪನ ಬಾಯಿಯಿಂದಲೇ ಇವಳನ್ನು ಹೊಗಳಿಸಬೇಕು, ನವರಾತ್ರಿಯ ವೇದಿಕೆಯಲ್ಲಿ ಇವಳನ್ನೇ ತಂದು ಕೂರಿಸಬೇಕು, ಆಮೇಲೆ ಹೆಸರು ಬಿಚ್ಚಬೇಕು. ಇಡೀ ಕಾಸರಗೋಡು ಜಿಲ್ಲೆಯಲ್ಲಿ ಇಂಥ ಉಪಾಯ ಹೊಳೆಯುವ ತಲೆ ಇನ್ನೊಂದಿಲ್ಲ, ಅದು ಅವನದ್ದೇ ಮಾತು.

ಉಪಾಯ ಓಡಿತು. ದಿನಾ ಸಂಜೆ ನಾಲ್ಕರ ಚಾಕ್ಕೆ ಚಾವಡಿಯಲ್ಲಿ ಆ ಹಾಡು. ಅಪ್ಪ ಬಂದವರನ್ನೆಲ್ಲ ಕೂರಿಸಿ ಕೇಳಿಸಿದರು. ಗ್ಯಾಸ್ ತಂದವನನ್ನು ಕೂರಿಸಿದರು, ಕರೆಂಟ್ ಬಿಲ್ಲಿನವಳನ್ನು ಕೂರಿಸಿದರು. ಆ ಹಾಡು ಕೇಳಿದ ನಂತರ ಮೀಟರು ಹಿಂದಕ್ಕೆ ತಿರುಗಿತೆಂದು ಗಣೇಶಪ್ರಸಾದ ಅಂಗಡಿಯಲ್ಲಿ ಹೇಳಿದ.

“ಎರಡನೇ ಚರಣದಲ್ಲಿ ಒಂದು ಕ್ಷಣ ನಿಲ್ಲಿಸ್ತಾರೆ, ಗಮನಿಸಿ,” ಎನ್ನುತ್ತಿದ್ದರು ಅಪ್ಪ. “ಇನ್ನೊಬ್ಬಳಾದರೆ ಅಲ್ಲಿ ಓಡಿಬಿಡ್ತಿದ್ದಳು. ಆ ಮೌನ ಉಂಟಲ್ಲ, ಅದು ಜ್ಞಾನ. ಪರಮೇಶ್ವರಿ, ಆಹಾ, ಪರಮೇಶ್ವರಿ!”

“ಐವತ್ತು ವರ್ಷದಲ್ಲಿ ನನ್ನ ಹೆಸರನ್ನು ನೀವು ಇಷ್ಟು ಪ್ರೀತಿಯಲ್ಲಿ ಹೇಳಿದ್ದು ಈಗಲೇ,” ಎಂದರು ಅಮ್ಮ, ಮೊಣಕಾಲಿಗೆ ಎಣ್ಣೆ ತಿಕ್ಕುತ್ತ.

“ನಿನಗೆ ತಮಾಷೆ.”

“ತಮಾಷೆ ಅಲ್ಲಪ್ಪ. ಇರಲಿ, ಇನ್ನೊಮ್ಮೆ ಹೇಳಿ.”

ಒಂದು ದಿನ ಮಧ್ಯಾಹ್ನ ಗೌತಮಿ ಸೌತೆಕಾಯಿ ಹೆಚ್ಚುತ್ತಿದ್ದಾಗ ಗಣೇಶಪ್ರಸಾದ ಫೋನು ಹಿಡಿದುಕೊಂಡು ಅಡಿಗೆಮನೆಗೇ ಬಂದ. “ನೀನೂ ಕೇಳು ಮಾರಾಯ್ತಿ. ಒಂದು ಕಾಲದಲ್ಲಿ ನೀನು ಕಲಿತವಳಲ್ವಾ? ನೋಡು, ಹಾಡುವುದು ಅಂದರೆ ಹೀಗೆ.”

“ಅಷ್ಟು ಮೆಚ್ಚುಗೆಯಾ ನಿಮಗೆ ಇವರ ಸ್ವರ?”

“ಇದು ಸ್ವರವಾ? ಜೇನು! ಇಂಥವರೊಬ್ಬರು ಮನೆಯಲ್ಲಿದ್ದಿದ್ದರೆ ನಾನು ಇದ್ದ ಸ್ಪೀಕರೆಲ್ಲ ಗುಜರಿಗೆ ಹಾಕಿ ಇವರ ಕಾಲಬುಡದಲ್ಲಿ ಕೂತಿರ್ತಿದ್ದೆ.”

ಗೌತಮಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಹುಡುಕುವ ಹಾಗೆ ನೋಡಿದಳು. ಎಂಥ ನಟನೆ ಗಣೇಶಪ್ರಸಾದನದ್ದು! ಕಣ್ಣಿನ ರೆಪ್ಪೆ ಸಹ ಅಲುಗಲಿಲ್ಲ. ಅವಳೂ ಒಳಗೊಳಗೇ ಆಟದಲ್ಲಿ ಸೇರಿದ್ದಳೆಂದೂ, ತಿರುಗಿ ನಿಂತು ಒಮ್ಮೆ ಕಣ್ಣು ಮಿಟುಕಿಸಿದಳೆಂದೂ ಅವನು ಆಮೇಲೆ ಹೇಳುತ್ತಿದ್ದ.

ಅದೇ ವಾರ ಇನ್ನೊಂದು ನಡೆಯಿತು. ಗೌತಮಿ ಪಾತ್ರೆ ತೊಳೆಯುತ್ತ ತನಗೆ ತಿಳಿಯದ ಹಾಗೆ ಆ ಹಾಡನ್ನು ಗುನುಗಿದಳು. ಮೊದಲು ಮೆಲ್ಲ, ನೀರಿನ ಸದ್ದಿನ ಅಡಿಯಲ್ಲಿ. ಚರಣಕ್ಕೆ ಬಂದಾಗ ಸ್ವಲ್ಪ ಬಾಯಿ ಬಿಟ್ಟೇ.

ಚಾವಡಿಯಿಂದ ಅಪ್ಪನ ಸ್ವರ ಬಂತು. “ಗೌತಮಿ!”

“ಎಂತ ಮಾವ?”

“ಬೇರೆ ಎಷ್ಟೋ ಹಾಡು ಉಂಟು. ಅದನ್ನು ಮುಟ್ಟಬೇಡ. ದೊಡ್ಡವರು ಹಾಡಿದ್ದನ್ನು ಹಾಗೆ ಪಾತ್ರೆಯ ಒಟ್ಟಿಗೆ ತಿಕ್ಕಬಾರದು. ಕಿವಿಯಲ್ಲಿ ಉಳಿದದ್ದು ಕೆಡ್ತದೆ.”

“ಆಯಿತು ಮಾವ.”

“ನಿನ್ನ ತಪ್ಪಲ್ಲ. ಆ ಗಮಕ ನಮ್ಮ ಕಡೆಯ ಗಂಟಲಿಗೆ ಬರುವುದಿಲ್ಲ.”

ಊಟಕ್ಕೆ ಕುಳಿತಾಗ ಸಾಂಬಾರಿಗೆ ಉಪ್ಪಿರಲಿಲ್ಲ. ಶ್ರೀವಾಣಿ ಎದ್ದು ಹೋಗಿ ಉಪ್ಪಿನ ಭರಣಿ ತಂದು ಮಧ್ಯದಲ್ಲಿಟ್ಟಳು.

ನವರಾತ್ರಿ ಹತ್ತಿರ ಬಂತು. ಮಂದಿರದ ಕಾರ್ಯದರ್ಶಿ ವಾಸಪ್ಪ ಒಂದು ಸಂಜೆ ಬಂದು ಕುಳಿತ.

“ಈ ಸಲ ಅಷ್ಟಮಿಯ ಕಛೇರಿಗೆ ಯಾರು ಅಣ್ಣ?”

“ಅದೂ ಕೇಳಬೇಕಾ?” ಎಂದು ಅಪ್ಪ ಸ್ಪೀಕರಿನ ಕಡೆ ಕೈ ತೋರಿಸಿದರು. “ಎರಡೂವರೆ ಗಂಟೆ ಪೂರ್ತಿ ಅವರದ್ದು. ಬೇರೆ ಯಾರೂ ಬೇಡ. ಕಾರು ಕಳಿಸುವ. ಉಳಕೊಳ್ಳಲಿಕ್ಕೆ ಮೇಲಿನ ಕೋಣೆ. ಗೌತಮಿ, ತೆಂಕಿನವರಿಗೆ ಅವಿಯಲ್ ಆಗಬೇಕು, ಕೆಂಪಕ್ಕಿ ಅನ್ನ ಆಗಬೇಕು. ನಿನ್ನಿಂದ ಆಗ್ತದಾ?”

“ಆಗ್ತದೆ ಮಾವ,” ಎಂದಳು ಗೌತಮಿ ಬಾಗಿಲಲ್ಲಿ ನಿಂತು. “ಅವರಿಗೆ ಅವಿಯಲ್ ಇಷ್ಟವೋ ಇಲ್ಲವೋ ಕೇಳಿದ್ದೀರಾ?”

“ಅದೆಲ್ಲ ಗಣೇಶ ಕೇಳ್ತಾನೆ. ಅವನಿಗೆ ಗುರುತು ಉಂಟಲ್ಲ.”

“ಹೌದಲ್ಲ. ಗುರುತು ಉಂಟಲ್ಲ ನಿಮಗೆ,” ಎಂದು ಗೌತಮಿ ಗಂಡನನ್ನು ನೋಡಿದಳು.

“ನಾಳೆಯೇ ಫೋನ್ ಮಾಡ್ತೇನೆ,” ಎಂದ ಗಣೇಶಪ್ರಸಾದ. “ನಾನು ಕರೆದರೆ ಅವರು ಓಡಿಕೊಂಡು ಬಂದಾರು.”

ಮರುದಿನ ಅಂಗಡಿಯಲ್ಲಿ ಕುಳಿತು ಫೋನು ಮಾಡಿದ. ಮಾಡಿದ ಮೇಲೆ ಯಾಕೋ ಒಂದು ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಳಿತವನು, ಶ್ರೀವಾಣಿ ತಂದ ಚಾ ಆರಿ ಕೆನೆ ಕಟ್ಟಿದರೂ ಏಳಲಿಲ್ಲ. ಎಷ್ಟಾದರೂ ದೊಡ್ಡ ಉಪಾಯ. ಅದನ್ನು ಮುಗಿಸುವ ಘಳಿಗೆ ಬಂದಾಗ ಯಾವ ವೀರನಿಗೂ ಒಮ್ಮೆ ಕುಳಿತುಕೊಳ್ಳಬೇಕಾಗುತ್ತದೆ.

ಅಷ್ಟಮಿಯವರೆಗೆ ಕಾಯುವ ಯೋಜನೆ ಇತ್ತಲ್ಲ, ಅವನು ಮಧ್ಯಾಹ್ನದ ಊಟ ಮುಗಿಯುವವರೆಗೂ ಕಾಯಲಿಲ್ಲ. ಬಾಳೆಲೆಯ ಮುಂದೆ ಅಪ್ಪ ಕೈ ತೊಳೆದು ಕುಳಿತಿದ್ದರು, ವಾಸಪ್ಪನೂ ಊಟಕ್ಕಿದ್ದ. ಗಣೇಶಪ್ರಸಾದ ಬಂದು ನಡುಮನೆಯಲ್ಲಿ ನಿಂತು ದೊಡ್ಡದಾಗಿ ನಕ್ಕ. ಆ ನಗುವಿಗೆ ಮಾಡಿನ ಹೆಂಚು ನಾಲ್ಕು ಜಾರಿದವು.

“ಅಪ್ಪ, ಎಲ್ಲರೂ ಸೋತಿರಿ! ತೆಂಕೂ ಇಲ್ಲ, ವಜ್ರವೂ ಇಲ್ಲ. ಆ ಪರಮೇಶ್ವರಿ ಈಗ ನಿಮಗೆ ಪಲ್ಯ ಬಡಿಸುತ್ತಾ ಇದ್ದಾಳೆ!”

ಗೌತಮಿಯ ಕೈಯಲ್ಲಿ ಸೌಟು ನಿಂತಿತು.

“ಎಂತ ಹೇಳ್ತಾ ಇದ್ದೀಯ?” ಎಂದರು ಅಪ್ಪ.

“ಹಾಡಿದ್ದು ಗೌತಮಿ. ಅವಳ ಮೊದಲಿನ ಹೆಸರು ಎಂತ, ನೆನಪು ಮಾಡಿ. ನೀವೇ ಬದಲಿಸಿದ್ದು. ನನಗೆ ಮೊದಲ ಅಕ್ಷರಕ್ಕೇ ಗೊತ್ತಾಗಿತ್ತು. ಸುಮ್ಮನೆ ನಿಮ್ಮ ಕಿವಿ ನೋಡಿದ್ದು ನಾನು!”

ಶ್ರೀವಾಣಿ ಎದ್ದು ಕುಣಿದಳು. ಎಂಜಲು ಕೈಯಲ್ಲೇ ತನ್ನ ಅಮ್ಮನನ್ನು ಹಿಡಿದುಕೊಂಡಳು. “ಅಮ್ಮ! ನೀನಾ? ಹೇಳಲೇ ಇಲ್ಲ ನೀನು!” ಅತ್ತೆ ಪರಮೇಶ್ವರಿ, “ನೋಡಿದಿರಾ, ನನ್ನ ಹೆಸರಿನವಳೇ,” ಎಂದು ಕಣ್ಣೊರಸಿಕೊಂಡರು.

ಅಪ್ಪ ಊಟ ಮುಗಿಸಿದರು. ಮಜ್ಜಿಗೆ ಕುಡಿದರು. ಕೈ ತೊಳೆದು ಬಂದು ಚಾವಡಿಯಲ್ಲಿ ಹಾಡು ಹಾಕಿದರು. ಎಲ್ಲರೂ ಹಿಂದೆ ಹೋಗಿ ನಿಂತರು. ಹಾಡು ಪೂರ್ತಿ ಮುಗಿಯಿತು.

“ಸ್ವರ ಒಳ್ಳೆಯದೇ,” ಎಂದರು. “ಎರಡನೇ ಚರಣದಲ್ಲಿ ಉಸಿರು ಸಾಲಲಿಲ್ಲ. ಅಭ್ಯಾಸ ಬಿಟ್ಟವರಿಗೆ ಆಗುವಂಥದ್ದೇ.”

“ಅಜ್ಜ!” ಶ್ರೀವಾಣಿ ಕೂಗಿದಳು. “ಅದು ಜ್ಞಾನ ಅಂತ ನೀವೇ ಹೇಳಿದ್ದಲ್ವಾ? ಗ್ಯಾಸಿನವನಿಗೆ ಸಹ ಹೇಳಿದ್ದೀರಿ!”

“ಗೊತ್ತಿಲ್ಲದೆ ಹೇಳಿದ್ದು.”

“ಎಂತ ಗೊತ್ತಿಲ್ಲದೆ? ಹಾಡು ಅದೇ ಅಲ್ವಾ? ಒಂದಕ್ಷರ ಬದಲಾಗಿದೆಯಾ?”

“ನಿನಗೆ ಗೊತ್ತಾಗುವುದಿಲ್ಲ ಮಗಳೇ. ಕಲಿತು ಅರಗಿಸಿದವರು ನಿಲ್ಲಿಸುವುದು ಬೇರೆ, ಇವಳು ನಿಲ್ಲಿಸುವುದು ಬೇರೆ.”

ಗೌತಮಿ ಸೆರಗಿಗೆ ಕೈ ಒರಸಿಕೊಂಡಳು. “ಅಲ್ಲಿ ನನಗೆ ಅಜ್ಜಿಯ ನೆನಪಾಗಿ ಗಂಟಲು ಕಟ್ಟಿತು ಮಾವ,” ಎಂದಳು. “ಜ್ಞಾನ ಅಂತ ನೀವು ಹೇಳಿದಾಗ ನನಗೇ ನಾಚಿಕೆಯಾಗಿತ್ತು. ಉಸಿರು ಇತ್ತು.”

ವಾಸಪ್ಪ ಗಂಟಲು ಸರಿ ಮಾಡಿಕೊಂಡ. “ಹಾಗಾದರೆ ಅಷ್ಟಮಿಗೆ ನಿಮ್ಮ ಸೊಸೆಯೇ ಹಾಡ್ತಾರಾ ಅಣ್ಣ?”

“ಹೇಗೆ ಆಗ್ತದೆ? ಅಧ್ಯಕ್ಷರು ಸೊಸೆಯನ್ನೇ ಕೂರಿಸಿದರು ಅಂತ ನಾಳೆ ಊರು ಮಾತಾಡ್ತದೆ. ಮಂಗಳೂರಿನಿಂದ ಯಾರನ್ನಾದರೂ ನೋಡುವ. ಬೇಕಾದರೆ ಮೊದಲಿಗೆ ಪ್ರಾರ್ಥನೆ ಇವಳು ಹಾಡಲಿ.”

“ಎರಡೂವರೆ ಗಂಟೆ ಇದ್ದದ್ದು ಎರಡೂವರೆ ನಿಮಿಷ ಆಯಿತಾ?” ಎಂದಳು ಶ್ರೀವಾಣಿ.

“ಬಾಯಿ!” ಎಂದು ಗದರಿದರು ಅಪ್ಪ.

“ಕಾರು ಕಳಿಸುವುದಿಲ್ವಾ ಅಮ್ಮನಿಗೆ? ಅವಿಯಲ್ ಯಾರು ಮಾಡುವುದು?”

“ಶ್ರೀವಾಣಿ, ಒಳಗೆ ಹೋಗು,” ಎಂದಳು ಗೌತಮಿ. ಮತ್ತೆ ಮಾವನಿಗೆ, “ಪ್ರಾರ್ಥನೆಗೆ ಮಂದಿರದ ಮಕ್ಕಳು ಇದ್ದಾರೆ. ನಾನು ಬೇಡ,” ಎಂದು ಹೇಳಿ ಎಲೆ ತೆಗೆಯಲು ಹೋದಳು.

ಅಪ್ಪನ ಜೊತೆ ಗಣೇಶಪ್ರಸಾದ ಜಗಳವಾಡಿದ. ಆ ಜಗಳದ ಸದ್ದಿಗೆ ತಲಪಾಡಿಯ ಟೋಲ್ ಗೇಟಿನಲ್ಲಿ ಲಾರಿಗಳು ನಿಂತುಬಿಟ್ಟವೆಂದು ಅವನು ಹೇಳಿದರೂ, ನಿಜವಾಗಿ ಅದು ನಾಲ್ಕು ಮಾತು. “ನಿಮ್ಮದು ಕಿವಿಯಲ್ಲ ಅಪ್ಪ, ಹೆಸರು ಓದುವ ಕಣ್ಣು,” ಎಂದ ಅವನು. “ನಿನ್ನ ಮೈಕಿನ ಅಂಗಡಿ ನೋಡಿಕೋ,” ಎಂದರು ಅವರು. ಆಮೇಲೆ ಒಂದು ವಾರ ಅಪ್ಪ ಮಗ ಬೇರೆ ಬೇರೆ ಹೊತ್ತಿಗೆ ಊಟ ಮಾಡಿದರು. ಗೌತಮಿ ಎರಡು ಸಲ ಬಡಿಸಿದಳು, ಎರಡು ಸಲ ಎಲೆ ತೆಗೆದಳು. ಸಂಜೆಯ ಚಾಕ್ಕೆ ಹಾಡು ಬರಲಿಲ್ಲ. ಅಮ್ಮ ಒಮ್ಮೆ, “ಹಾಕಿ ನೋಡುವ, ಕೇಳದೆ ಏನೋ ಆಗ್ತದೆ,” ಎಂದದ್ದಕ್ಕೆ ಅಪ್ಪ, “ಕೇಳಿ ಕೇಳಿ ಸಾಕಾಯಿತು,” ಎಂದರು.

ಆದರೆ ಅಂಗಡಿಯಲ್ಲಿ ಗಣೇಶಪ್ರಸಾದನ ಕಥೆ ದಿನದಿಂದ ದಿನಕ್ಕೆ ಬೆಳೆಯಿತು. ಮೊದಲ ಅಕ್ಷರ ಹೋಗಿ ಅಕ್ಷರಕ್ಕೆ ಮುಂಚಿನ ಉಸಿರಾಯಿತು. “ಉಸಿರು ಎಳೆದುಕೊಂಡಳಲ್ಲ, ಅಷ್ಟಕ್ಕೇ ಹಿಡಿದೆ, ಇದು ನಮ್ಮವಳೇ!” ಎಂದು ಬಾಡಿಗೆಗೆ ಬಂದವರಿಗೆಲ್ಲ ಹೇಳಿದ. ಶ್ರೀವಾಣಿ ಶಾಲೆಯಲ್ಲಿ ಹೇಳಿದಳು. ಹುಡುಗಿಯರು, “ನಿನ್ನ ಅಪ್ಪ ಭಾರೀ ರೊಮ್ಯಾಂಟಿಕ್ ಮಾರಾಯ್ತಿ,” ಎಂದರಂತೆ. ಅದನ್ನೂ ಮನೆಗೆ ತಂದು ತನ್ನ ಅಮ್ಮನ ಎದುರು ಹೇಳಿದಳು. ಗೌತಮಿ ನಗಲಿಲ್ಲ. “ಒಗೆದದ್ದು ಒಣಗಿತಾ ನೋಡು,” ಎಂದಳು.

ನವರಾತ್ರಿ ಶುರುವಾಗುವ ಹಿಂದಿನ ದಿನ ಗೌತಮಿ ಹಿಂದಿನ ಜಗಲಿಯಲ್ಲಿ ಕುಳಿತು ಹುಣಸೆಹುಳಿ ಹಾಕಿ ಹಿತ್ತಾಳೆ ದೀಪಗಳನ್ನು ತಿಕ್ಕುತ್ತಿದ್ದಳು. ಅಪ್ಪ ಬೆತ್ತದ ಕುರ್ಚಿಯಲ್ಲಿ ಪತ್ರಿಕೆ ಹಿಡಿದಿದ್ದರು. ಮಂದಿರಕ್ಕೆ ಸ್ಪೀಕರ್ ಪೆಟ್ಟಿಗೆ ಒಯ್ಯಲು ವಾಸಪ್ಪ ಬಂದಿದ್ದ. ಗಣೇಶಪ್ರಸಾದ ವಯರು ಸುತ್ತುತ್ತ ಅವನಿಗೂ ಅದೇ ಕಥೆ ತೆಗೆದ.

“ಒಂದು ವಿಷಯ ಕೇಳಬೇಕಿತ್ತು,” ಎಂದಳು ಗೌತಮಿ, ದೀಪದಿಂದ ಕೈ ಎತ್ತದೆ. “ಯಾವ ಜಾಗದಲ್ಲಿ ನಿಮಗೆ ನಾನೆಂದು ಗೊತ್ತಾದ್ದು?”

“ಎಷ್ಟು ಸಲ ಹೇಳುವುದು? ಮೊದಲ ಅಕ್ಷರಕ್ಕೇ, ಅದರ ಮುಂಚಿನ ಉಸಿರಿಗೇ.”

“ಪಲ್ಲವಿ ಎತ್ತುವಾಗಲೇ?”

“ಎತ್ತುವಾಗಲೇ! ಆ ಎತ್ತುಗಡೆ ಈ ಲೋಕದಲ್ಲಿ ಇನ್ನೊಬ್ಬರಿಗೆ ಬರಲಿಕ್ಕುಂಟಾ?”

“ಬಂದಿದೆ,” ಎಂದಳು ಗೌತಮಿ. “ಪಲ್ಲವಿ ಎತ್ತಿದ್ದು ನಾನಲ್ಲ. ನನ್ನ ತವರಿನ ಅನ್ನಪೂರ್ಣೇಶ್ವರಿ ಚಿಕ್ಕಮ್ಮ. ಒಂದು ಸಾಲು ಹಾಡಿದ್ದೇ ಅವರಿಗೆ ಕೆಮ್ಮು ಒತ್ತಿ ಬಂತು, ನನಗೆ ಕೈ ಮಾಡಿದರು. ಅದೇ ಸಾಲನ್ನು ಮತ್ತೊಮ್ಮೆ ಹಿಡಿದದ್ದು ನಾನು. ಹಾಕಿ ಕೇಳಿ, ಬೇಕಾದರೆ. ಎಪ್ಪತ್ತರ ಸ್ವರ ಅದು.”

ಅಪ್ಪನ ಪತ್ರಿಕೆ ಮೆಲ್ಲನೆ ತೊಡೆಯ ಮೇಲೆ ಇಳಿಯಿತು. ಶ್ರೀವಾಣಿ ಫೋನು ತೆಗೆದು ಹಾಡು ಹಾಕಿದಳು. ಒಂದು ಸಾಲು, ನಂತರ ಇನ್ನೊಂದು. ನಡುವೆ, ಶ್ರುತಿಪೆಟ್ಟಿಗೆಯ ಅಡಿಯಲ್ಲಿ, ಒತ್ತಿ ಹಿಡಿದ ಒಂದು ಸಣ್ಣ ಕೆಮ್ಮು. ಅಷ್ಟು ವಾರ, ಅಷ್ಟು ಚಾ, ಅಷ್ಟು ಹೊಗಳಿಕೆ. ಎರಡು ಹೆಂಗಸರು ಹಾಡಿದ್ದನ್ನು ಆ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

“ಅಪ್ಪ?” ಎಂದಳು ಶ್ರೀವಾಣಿ.

ಗಣೇಶಪ್ರಸಾದ ಹೇಳಲು ಬಾಯಿ ತೆರೆದ. ಕಿವಿಗೆ ಗಾಳಿ ಹೊಡೆದಿತ್ತು ಎನ್ನಬಹುದಿತ್ತು, ಸ್ಪೀಕರ್ ಹಳತು ಎನ್ನಬಹುದಿತ್ತು. ವಯರಿನ ಸುತ್ತು ಕೈಯಿಂದ ಬಿಚ್ಚಿ ನೆಲಕ್ಕೆ ಬಿತ್ತು.

“ನನಗೆ ಗೊತ್ತಿರಲಿಲ್ಲ,” ಎಂದ.

“ಎಂತ ಗೊತ್ತಿರಲಿಲ್ಲ?” ಎಂದ ವಾಸಪ್ಪ.

“ಯಾವುದೂ. ಅದು ಮೈಕಿನವರ ವಾಟ್ಸಾಪ್ ಗುಂಪಿನಲ್ಲಿ ಬಂದದ್ದು. ಕೇಳಿದೆ, ಚಂದ ಉಂಟು ಎಂದು ಕಂಡಿತು. ಅಪ್ಪ ತೆಂಕಿನವರು ಎಂದಾಗ ನಾನೂ ಅದನ್ನೇ ನಂಬಿದೆ. ಪಯ್ಯನ್ನೂರು ಸುಳ್ಳು. ವಜ್ರ, ಫ್ಲಾಸ್ಕು, ಎಲ್ಲ ಸುಳ್ಳು. ಕಮಿಟಿಗೆ ಬೇಕು ಎಂದಾಗ ಆ ಹಾಡಿನ ಅಡಿಯಲ್ಲಿ ಇದ್ದ ನಂಬರು ಒತ್ತಿದೆ. ಫೋನಿನಲ್ಲಿ ‘ಅವಿನಾಶ ಭಾವ’ ಎಂದು ಬಂತು. ನನ್ನ ಕಿವಿ ಹೇಳಲಿಲ್ಲ. ಫೋನು ಹೇಳಿತು.”

“ಮತ್ತೆ ಅಮ್ಮ ಕಣ್ಣು ಮಿಟುಕಿಸಿದ್ದು?” ಎಂದಳು ಶ್ರೀವಾಣಿ. “ನಾನು ಎಲ್ಲರಿಗೂ ಹೇಳಿದ್ದೇನಲ್ಲ ಅಪ್ಪ.”

“ಕಣ್ಣೊರಸಿಕೊಂಡದ್ದು. ಈರುಳ್ಳಿಯಾ ಅಂತ ಕೇಳಿದೆ ನಾನು. ಅವಳು ಹೆಚ್ಚುತ್ತಿದ್ದದ್ದು ಸೌತೆಕಾಯಿ.”

ಅಮ್ಮ ಒಳಗಿನಿಂದ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಯಾರೂ ಕೂರಿ ಎನ್ನಲಿಲ್ಲ.

“ನೀನಾದರೂ ಹೇಳಬಹುದಿತ್ತು,” ಎಂದ ಗಣೇಶಪ್ರಸಾದ, ಹೆಂಡತಿಯ ಕಡೆ ನೋಡದೆ.

“ಎಂತ ಹೇಳುವುದು? ನಾನು ಎಂದ ಕೂಡಲೇ ಹಾಡು ಸಣ್ಣದಾಗ್ತದೆ ಎಂದು ನನಗೆ ಗೊತ್ತಿತ್ತು. ಆಯಿತಲ್ಲ ಹಾಗೆಯೇ.” ಗೌತಮಿ ತಿಕ್ಕಿದ ದೀಪವನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. “ಮೊದಲ ದಿನ ತಮಾಷೆ ಮಾಡ್ತಾ ಇದ್ದೀರಿ ಎಂದುಕೊಂಡೆ. ರಾತ್ರಿಯಾದರೂ ಹೇಳ್ತೀರಿ, ನಾಳೆಯಾದರೂ ಹೇಳ್ತೀರಿ. ‘ಹಾಡುವುದು ಅಂದರೆ ಹೀಗೆ’ ಎಂದಿರಲ್ಲ, ಆವತ್ತು ತಿಳಿಯಿತು, ತಮಾಷೆಯಲ್ಲ ಎಂದು. ಆದರೂ ಕಾದೆ. ಮಾವ ಹಿಡಿಯಬೇಕೆಂದು ನನಗೆ ಇರಲಿಲ್ಲ.”

ಅಪ್ಪ ಎದ್ದು ನಿಂತರು. ಏನೋ ಹೇಳಲು ಹೊರಟವರು, “ಚಿಕ್ಕಮ್ಮನಿಗೆ ಈಗ ಆರೋಗ್ಯ ಹೇಗುಂಟು?” ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು. ವಾಸಪ್ಪ ಸದ್ದು ಮಾಡದೆ ಪೆಟ್ಟಿಗೆ ಎತ್ತಿಕೊಂಡು ಹೊರಟ.

“ಒಮ್ಮೆ ಹಾಡು ಗೌತಮಿ,” ಎಂದ ಗಣೇಶಪ್ರಸಾದ. ಜಗಲಿಯ ಮೆಟ್ಟಿಲಲ್ಲಿ ಅವಳ ಕೆಳಗೆ ಕುಳಿತಿದ್ದ. “ಅದನ್ನೇ. ಈಗ ಸರಿಯಾಗಿ ಕೇಳ್ತೇನೆ.”

“ಈಗ ಗೊತ್ತಾಯಿತಲ್ಲ ಯಾರದ್ದೆಂದು. ಇನ್ನು ಚಂದ ಉಂಟು ಎಂದರೂ ಅದು ನೀವು ನನಗೆ ಹೇಳುವುದು. ಹಾಡಿಗಲ್ಲ,” ಎಂದಳು ಅವಳು. “ಒಂದು ಕೊಡ ನೀರು ತನ್ನಿ. ಹುಳಿ ಒಣಗಿದರೆ ಕಲೆ ನಿಲ್ತದೆ.”

ಅವನು ಬಾವಿಗೆ ಹೋಗಿ ನೀರು ತಂದು ಇಟ್ಟ. ಅಂಗಡಿಯ ಕಡೆಯಿಂದ ಯಾರೋ ಕೂಗಿ ಕರೆದರು, ಕುಂಬ್ಡಾಜೆಯಿಂದ ಮದುವೆಗೆ ಸ್ಪೀಕರ್ ಹೇಳಲು ಬಂದವರು. ಹೋದ. ಬಂದವರಲ್ಲಿ ಒಬ್ಬ ಪರಿಚಯದವ, ಕುರ್ಚಿ ಎಳೆದು ಕುಳಿತು ತನ್ನ ಜೊತೆಯವರಿಗೆ ಹೇಳಿದ: “ಇವರೇ ಮಾರಾಯ, ಹೆಂಡತಿಯ ಉಸಿರು ಕೇಳಿಯೇ ಗುರುತು ಹಿಡಿದವರು. ಹೇಳಿ ಗಣೇಶಣ್ಣ, ಆ ಕಥೆ ಒಮ್ಮೆ ಹೇಳಿ.”

ಹಿಂದಿನ ಜಗಲಿಯಿಂದ ಹಿತ್ತಾಳೆ ತಿಕ್ಕುವ ಸದ್ದು ಬರುತ್ತಿತ್ತು.

“ಹಿಡಿಯಲಿಲ್ಲ,” ಎಂದ ಗಣೇಶಪ್ರಸಾದ. “ಹದಿನೆಂಟು ವರ್ಷದಲ್ಲಿ ನಾನು ಅವಳಿಗೆ ಒಂದು ದಿನ ಹಾಡು ಅಂತ ಹೇಳಿದವನಲ್ಲ. ಹೇಗೆ ಗೊತ್ತಾಗ್ತದೆ? ನನಗೆ ಗೊತ್ತಾಗಲಿಲ್ಲ.”